ಮುಟ್ಟಿದ್ದಕ್ಕೆ ರಸೀದಿ

ನಮ್ಮ ಸೀಮೆಯಲ್ಲಿ ಒಬ್ಬ ರೈತನು ತನ್ನ ಜಮೀನನ್ನು ಇನ್ನೊಬ್ಬನಿಗೆ ಕ್ರಯಕ್ಕೆ ಕೊಟ್ಟನೆಂದರೆ ಆ ಸಂಗತಿಯು ಎರಡು ಕಚೇರಿಗಳ ಪುಸ್ತಕಗಳಲ್ಲಿ ಕಾಣಿಸಿಕೊಳ್ಳಬೇಕು. ಕ್ರಯಪತ್ರವು ನೋಂದಣಿಯಾಗುವುದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ. ಆ ಭೂಮಿಯ ಪಹಣಿಯಲ್ಲಿ ಹಳೆಯ ಹೆಸರು ಅಳಿದು ಹೊಸ ಹೆಸರು ಏರಬೇಕಾದದ್ದು ತಹಶೀಲ್ದಾರರ ಕಚೇರಿಯಲ್ಲಿ. ಎಷ್ಟೋ ಊರುಗಳಲ್ಲಿ ಈ ಎರಡೂ ಒಂದೇ ಆವರಣದೊಳಗೆ ಒಂದೇ ಹುಣಸೆಯ ಮರದ ನೆರಳನ್ನು ಹಂಚಿಕೊಂಡು ನಿಂತಿದ್ದರೂ, ಒಂದರೊಳಗೆ ನಡೆದದ್ದು ಇನ್ನೊಂದಕ್ಕೆ ತಾನಾಗಿ ತಿಳಿಯತಕ್ಕದ್ದಲ್ಲ. ತಿಳಿಸುವುದಕ್ಕೆಂದೇ ಇದರಿಂದ ಅದಕ್ಕೆ ಒಂದು ತುಂಡು ಕಾಗದ ಹೋಗುತ್ತಿತ್ತು, ಅದನ್ನು ಜನರು ‘ಜೆ ಸ್ಲಿಪ್’ ಎಂದು ಕರೆಯುತ್ತಿದ್ದರು. ಆ ಚೀಟಿ ಮುಟ್ಟಿದರೆ ಖಾತೆ ಬದಲಾವಣೆಯ ಕೆಲಸ ಮೊದಲಾಗುತ್ತಿತ್ತು. ದಾರಿಯಲ್ಲಿ ಎಲ್ಲಿಯಾದರೂ ಯಾವುದಾದರೂ ಕಡತದ ಮಡಿಕೆಯಲ್ಲಿ ಅಡಗಿ ಕುಳಿತರೆ, ಹಣ ಕೊಟ್ಟು ಭೂಮಿಯನ್ನು ಕೊಂಡವನು ವರ್ಷಗಳ ಮೇಲೂ ಪಹಣಿಯಲ್ಲಿ ಪರಕೀಯನಾಗಿಯೇ ಉಳಿಯುತ್ತಿದ್ದನು. ಇಂದು ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶವು ಆ ಸಂಗತಿಯನ್ನು ಕಂದಾಯ ಇಲಾಖೆಯ ‘ಭೂಮಿ’ ತಂತ್ರಾಂಶಕ್ಕೆ ತಂತಿಯ ಮೂಲಕವೇ ಒಪ್ಪಿಸುತ್ತದೆ. ಕಾಗದದ ಚೀಟಿಯ ಜಾಗದಲ್ಲಿ ಸರ್ವರಿನಿಂದ ಸರ್ವರಿಗೆ ಹೋಗುವ ಓಲೆ ಬಂದಿದೆ.

ಆ ಓಲೆಯ ಪೂರ್ವೇತಿಹಾಸವನ್ನು ಬರೆಯಬೇಕೆಂಬ ಆಸೆ ನನಗೆ ಬಹುಕಾಲದಿಂದ ಇದೆ. ಒಂದು ಯಂತ್ರದಲ್ಲಿರುವ ದತ್ತಾಂಶವನ್ನು ಹೊರತೆಗೆದು, ಹಸನುಮಾಡಿ, ಬೇರೊಂದು ಯಂತ್ರಕ್ಕೆ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಉತ್ತರ ಬಂದಿತೇ ಎಂದು ಕಾದು ನೋಡುವ ಉದ್ಯೋಗದಲ್ಲಿ ನನ್ನ ಆಯುಷ್ಯದ ದೊಡ್ಡ ಭಾಗ ಕಳೆದಿದೆ. ಈ ಕೆಲಸದಲ್ಲಿ ಕಳುಹಿಸುವುದಕ್ಕಿಂತ ಕಳುಹಿಸಿದ್ದು ಮುಟ್ಟಿತೆಂದು ಅರಿಯುವುದೇ ಕಷ್ಟತರವಾದದ್ದು. ಅಂಚೆಯ ಮನಿಯಾರ್ಡರು ನಮ್ಮ ಅಜ್ಜಂದಿರಿಗೆ ಅಷ್ಟು ನೆಚ್ಚಿನದಾಗಿದ್ದುದು ಅದು ಹಣವನ್ನು ಒಯ್ಯುತ್ತಿದ್ದುದರಿಂದ ಮಾತ್ರವೇ ಅಲ್ಲ, ಹಣ ಪಡೆದವರ ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಹೊತ್ತ ಒಂದು ಚೀಟಿಯನ್ನು ಹಿಂದಕ್ಕೆ ತಂದು ಕೊಡುತ್ತಿದ್ದುದರಿಂದ. ವೆಬ್ ಸರ್ವರಿಗೆ ದತ್ತಾಂಶವನ್ನು ಒಪ್ಪಿಸುವ ಪದ್ಧತಿಯು ಬೆಳೆದು ಬಂದ ಕಥೆಯೂ, ನನ್ನ ಮಟ್ಟಿಗೆ, ಆ ಚೀಟಿಯ ಕಥೆಯೇ.

ವೆಬ್ಬು ಹುಟ್ಟುವುದಕ್ಕೆ ಬಹಳ ಮುಂಚೆಯೇ ಈ ಚಿಂತೆ ಮೊದಲಾಗಿತ್ತು. 1948ರ ಜೂನ್ ತಿಂಗಳಲ್ಲಿ ಸೋವಿಯತ್ ಪಡೆಗಳು ಪಶ್ಚಿಮ ಬರ್ಲಿನ್ನಿನ ನೆಲದ ದಾರಿಗಳನ್ನೆಲ್ಲ ಮುಚ್ಚಿದಾಗ, ಆ ನಗರಕ್ಕೆ ಬೇಕಾದ ಹಿಟ್ಟು, ಕಲ್ಲಿದ್ದಲು, ಔಷಧಿಗಳೆಲ್ಲವೂ ವಿಮಾನಗಳಲ್ಲಿ ಬರಬೇಕಾಯಿತು. ಒಂದು ವರ್ಷಕ್ಕೆ ಸ್ವಲ್ಪ ಮೇಲ್ಪಟ್ಟ ಅವಧಿಯಲ್ಲಿ ಹೀಗೆ ಬಂದಿಳಿದ ಸರಕು 23 ಲಕ್ಷ ಟನ್ನುಗಳನ್ನು ಮೀರಿತು. ಒಂದೊಂದು ವಿಮಾನದೊಡನೆ ಒಂದೊಂದು ಸರಕುಪಟ್ಟಿ, ಅದು ಒಂದೊಂದು ನಮೂನೆಯಲ್ಲಿ, ಒಂದೊಂದು ಭಾಷೆಯಲ್ಲಿ ಬರೆದದ್ದು. ಏನು ಬಂತು, ಎಷ್ಟು ಬಂತು, ಏನು ಬರಲಿಲ್ಲ ಎಂಬುದನ್ನು ಹೊಂದಿಸಿ ನೋಡುವಷ್ಟರಲ್ಲಿ ಮುಂದಿನ ವಿಮಾನ ತಲೆಯ ಮೇಲೆ ಬಂದಿರುತ್ತಿತ್ತು. ಆಗ ಅಮೆರಿಕದ ಸೇನೆಯಲ್ಲಿದ್ದ ಎಡ್ ಗಿಲ್ಬರ್ಟ್ ಎಂಬುವರು, ಟೆಲೆಕ್ಸಿನಿಂದಾಗಲಿ ರೇಡಿಯೋದಿಂದಾಗಲಿ ಟೆಲಿಫೋನಿನಿಂದಾಗಲಿ ಕಳುಹಿಸಬಹುದಾದ ಒಂದೇ ನಮೂನೆಯ ಸರಕುಪಟ್ಟಿಯನ್ನು ರೂಪಿಸಿಕೊಟ್ಟರು. 1965ರಲ್ಲಿ ಹಾಲೆಂಡ್-ಅಮೆರಿಕ ಹಡಗು ಕಂಪನಿಯು ಅಟ್ಲಾಂಟಿಕ್ ಸಾಗರದ ಆಚೆಗೆ ತನ್ನ ಸರಕುಪಟ್ಟಿಗಳನ್ನು ಟೆಲೆಕ್ಸಿನಲ್ಲಿ ಕಳುಹಿಸಿ, ಅಲ್ಲಿ ರಂಧ್ರಗಳ ಕಾಗದಪಟ್ಟಿಯಾಗಿಸಿ, ಗಣಕಕ್ಕೆ ಉಣಿಸತೊಡಗಿದುದು ಇದರ ಮುಂದಿನ ಹೆಜ್ಜೆ. ನಮೂನೆ ಒಂದಾಗಿದ್ದರೆ ಮಾತ್ರ ಎರಡು ಕಡೆಯ ಲೆಕ್ಕಗಳು ಒಂದನ್ನೊಂದು ಅರಿಯಬಲ್ಲವೆಂಬ ಪಾಠವನ್ನು, ಹಸಿದ ಒಂದು ನಗರದ ವಿಮಾನ ನಿಲ್ದಾಣದಲ್ಲಿ, ಈ ಉದ್ಯೋಗವು ಮೊದಲು ಕಲಿಯಿತು.

ಗಣಕದಿಂದ ಗಣಕಕ್ಕೆ ನೇರವಾಗಿ ಕಡತವನ್ನು ಸಾಗಿಸುವ ವಿಧಾನವನ್ನು ಲೋಕಕ್ಕೆ ಕೊಟ್ಟವರು ನಮ್ಮ ದೇಶದವರೇ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಅಲಹಾಬಾದಿನಲ್ಲಿ ಹುಟ್ಟಿ, ಕಾನ್ಪುರದ ಐಐಟಿಯ ಮೊದಲ ತಂಡದಲ್ಲಿ ಪದವಿ ಪಡೆದು, ಅಮೆರಿಕದ ಎಂಐಟಿಗೆ ಹೋದ ಅಭಯ ಭೂಷಣರು 1971ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 114 ಎಂಬ ಪತ್ರದಲ್ಲಿ ಎಫ್‌ಟಿಪಿಯ ಮೊದಲ ರೂಪವನ್ನು ಬರೆದರು. ಅಲ್ಲಿಂದ ಮೂರು ದಶಕಗಳ ಕಾಲ, ಬ್ಯಾಂಕುಗಳಿರಲಿ ಕಾರ್ಖಾನೆಗಳಿರಲಿ ಸರ್ಕಾರಗಳಿರಲಿ, ಒಂದು ಕಡೆಯ ದತ್ತಾಂಶ ಇನ್ನೊಂದು ಕಡೆಗೆ ಹೋಗುತ್ತಿದ್ದುದು ಬಹುಮಟ್ಟಿಗೆ ಈ ದಾರಿಯಲ್ಲಿಯೇ, ಅದೂ ಸಾಮಾನ್ಯವಾಗಿ ರಾತ್ರಿಯ ಹೊತ್ತಿನಲ್ಲಿ: ಹಗಲಿನ ಲೆಕ್ಕವೆಲ್ಲ ಒಂದು ಕಡತವಾಗಿ ಆಚೆಯವರ ಯಂತ್ರದ ಒಂದು ಗೊತ್ತಾದ ಮೂಲೆಯಲ್ಲಿ ಹೋಗಿ ಕೂರುತ್ತಿತ್ತು, ಆಚೆಯವರ ಕಾರ್ಯಕ್ರಮವು ಬೆಳಗಿನ ಜಾವ ಎದ್ದು ಅದನ್ನು ಎತ್ತಿಕೊಳ್ಳುತ್ತಿತ್ತು. ಕಡತ ಇನ್ನೂ ಅರ್ಧ ಬಂದಿರುವಾಗಲೇ ಎತ್ತಿಕೊಂಡರೆ ಅನರ್ಥವಾದೀತೆಂದು, ಕಳುಹಿಸುವವರು ಮೊದಲು ಒಂದು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಕೊನೆಯ ಅಕ್ಷರವೂ ಸೇರಿದ ಮೇಲೆ ನಿಜವಾದ ಹೆಸರನ್ನು ಇಡುತ್ತಿದ್ದರು. ಹಳಬರು ಇಂದಿಗೂ ಬಿಡದ ಒಳ್ಳೆಯ ವಾಡಿಕೆ ಅದು. ಆದರೆ ಈ ಪದ್ಧತಿಯಲ್ಲಿ ಬರುತ್ತಿದ್ದ ರಸೀದಿಯು ಕಡತ ಮುಟ್ಟಿತೆಂದು ಹೇಳುತ್ತಿತ್ತೇ ಹೊರತು, ಅದರೊಳಗಣ ಸಾವಿರ ಸಾಲುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದನ್ನು ಹೇಳುತ್ತಿರಲಿಲ್ಲ. ಅದನ್ನು ತಿಳಿಯಲು ಮರುದಿನದವರೆಗೆ, ಕೆಲವೊಮ್ಮೆ ತಿಂಗಳ ಕೊನೆಯವರೆಗೆ, ಕಾಯಬೇಕಾಗುತ್ತಿತ್ತು.

ಇನ್ನು ವೆಬ್ಬಿನ ಮಾತು. ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಹೊರವಲಯದಲ್ಲಿ, ಫ್ರಾನ್ಸಿನ ಗಡಿಯನ್ನು ಒರಸಿಕೊಂಡು, ಸರ್ನ್ ಎಂಬ ಭೌತವಿಜ್ಞಾನದ ಸಂಶೋಧನಾಲಯವಿದೆ. ನಾನಾ ದೇಶಗಳ ವಿಜ್ಞಾನಿಗಳು ಅಲ್ಲಿಗೆ ಬಂದು ಒಂದೆರಡು ವರ್ಷ ದುಡಿದು ಹೋಗುವರು. ಅವರೊಡನೆ ಅವರ ತಿಳಿವಳಿಕೆಯೂ ಹೋಗುವುದು. ಉಳಿದ ಬರಹಗಳು ಒಂದಕ್ಕೊಂದು ಹೊಂದದ ಹತ್ತಾರು ಬಗೆಯ ಗಣಕಗಳಲ್ಲಿ ಚದುರಿಕೊಂಡಿರುವುವು. ಈ ಕೊರತೆಯನ್ನು ಕಂಡು ಮನನೊಂದ ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ತರುಣರು 1989ರ ಮಾರ್ಚ್‌ನಲ್ಲಿ ಒಂದು ಸಲಹಾಪತ್ರವನ್ನು ಬರೆದರು. 1990ರ ಕೊನೆಯ ಹೊತ್ತಿಗೆ, ನೆಕ್ಸ್ಟ್ ಎಂಬ ಕಪ್ಪು ಘನಾಕೃತಿಯ ಗಣಕದ ಮೇಲೆ, ಮೊದಲ ವೆಬ್ ಸರ್ವರನ್ನೂ ಮೊದಲ ಬ್ರೌಸರನ್ನೂ ನಡೆಯಿಸಿ ತೋರಿದರು. ಇದು ಸರ್ವರು, ಇದನ್ನು ಆರಿಸಕೂಡದು ಎಂಬ ಅರ್ಥದ ಚೀಟಿಯೊಂದನ್ನು ಆ ಯಂತ್ರಕ್ಕೆ ಅಂಟಿಸಲಾಗಿತ್ತು. ವಿಶ್ವವ್ಯಾಪಿಯಾಗಲಿದ್ದ ಒಂದು ಜಾಲದ ಉಳಿವು ಅಂದು ಆ ಒಂದು ಚೀಟಿಯನ್ನು ನಂಬಿಕೊಂಡಿತ್ತು. ಅಲ್ಲಿನ ಜನರನ್ನು ವೆಬ್ಬಿನ ಕಡೆಗೆ ಸೆಳೆದ ಮೊದಲ ಉಪಯೋಗ ಯಾವುದೆಂದರೆ ಸಂಶೋಧನಾಲಯದ ಟೆಲಿಫೋನ್ ಪುಸ್ತಕ: ದೊಡ್ಡ ಗಣಕದಲ್ಲಿ ಹುದುಗಿದ್ದ ಆ ಪಟ್ಟಿಯನ್ನು ಬೇರೆ ಯಾವ ಯಂತ್ರದಿಂದ ಬೇಕಾದರೂ ನೋಡುವಂತೆ ಮಾಡಿದರು. ಹೀಗೆ ನೋಡಿದರೆ, ಹೊಂದದ ಯಂತ್ರಗಳ ದತ್ತಾಂಶಗಳನ್ನು ಹೊಂದಿಸುವ ಹಂಬಲವು ವೆಬ್ಬಿನ ಹುಟ್ಟಿನಲ್ಲಿಯೇ ಇತ್ತು.

ಆದರೆ ಹುಟ್ಟಿದಾಗ ಈ ಶಿಶುವಿಗೆ ಕೊಡುವ ಕೈ ಇತ್ತು, ಕೊಳ್ಳುವ ಕೈ ಇರಲಿಲ್ಲ. ಬ್ರೌಸರೂ ಸರ್ವರೂ ಮಾತಾಡಿಕೊಳ್ಳುವ ನಿಯಮವಾದ ಎಚ್‌ಟಿಟಿಪಿಯ 1991ರ ರೂಪದಲ್ಲಿ ಇದ್ದುದು ಒಂದೇ ಕ್ರಿಯಾಪದ, ಗೆಟ್, ಎಂದರೆ ‘ತಾ’. ಕೇಳುವವನು ಗೆಟ್ ಎಂದು ಬರೆದು, ಪುಟದ ವಿಳಾಸವನ್ನು ಬರೆದು, ಸಾಲನ್ನು ಮುಗಿಸುವನು. ಸರ್ವರು ಆ ಪುಟವನ್ನು ಕೊಟ್ಟು ಸಂಪರ್ಕವನ್ನು ಕಡಿದುಕೊಳ್ಳುವುದು. ಓದುಗನು ಸರ್ವರಿಗೆ ಏನನ್ನಾದರೂ ಹೇಳಬೇಕಾದರೆ ವಿಳಾಸದ ಬಾಲಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಹಚ್ಚಿ ಅದರ ಮುಂದೆ ಒಂದೆರಡು ಪದಗಳನ್ನು ಸೇರಿಸಬಹುದಿತ್ತು, ಅಷ್ಟೆ. ಇದರಲ್ಲಿ ನನ್ನ ಮನಸ್ಸನ್ನು ಕಲಕುವ ಸಂಗತಿಯೊಂದುಂಟು. ಬರ್ನರ್ಸ್-ಲೀಯವರ ಆ ಮೊದಲ ಬ್ರೌಸರು ಓದುವ ಸಾಧನವಾಗಿದ್ದಂತೆಯೇ ಬರೆಯುವ ಸಾಧನವೂ ಆಗಿತ್ತು. ಪುಟವನ್ನು ತೆರೆದು, ಅಲ್ಲಿಯೇ ತಿದ್ದಿ, ಹೊಸ ಕೊಂಡಿಗಳನ್ನು ಹೆಣೆಯಬಹುದಾಗಿತ್ತು. ಆದರೆ ತಿದ್ದಿದ್ದನ್ನು ಜಾಲದ ಮೂಲಕ ಸರ್ವರಿಗೆ ಹಿಂತಿರುಗಿಸುವ ಪುಟ್ ಎಂಬ ಕ್ರಿಯೆ ಇನ್ನೂ ನಿರ್ಮಾಣವಾಗದಿದ್ದ ಕಾರಣ, ತನ್ನ ಯಂತ್ರದೊಳಗಣ ಕಡತಗಳನ್ನಲ್ಲದೆ ಬೇರೇನನ್ನೂ ಉಳಿಸಲು ಅದಕ್ಕೆ ಸಾಧ್ಯವಿರಲಿಲ್ಲ. ಓದುವವರೆಲ್ಲ ಬರೆಯಲೂ ಬಲ್ಲ ಒಂದು ಜಾಲವನ್ನು ಕನಸಿದವನ ಕೈಯಲ್ಲಿಯೇ ಬಳಪವು ಹಲಗೆಗೆ ಎಟುಕದೆ ನಿಂತಿತು.

1992ರಲ್ಲಿ ಸರ್ನ್‌ನಲ್ಲಿ ಸಿದ್ಧವಾದ ಕರಡಿನಲ್ಲಿ ಕ್ರಿಯಾಪದಗಳ ಒಂದು ದೊಡ್ಡ ಪಟ್ಟಿಯೇ ಇದೆ. ಗೆಟ್‌ನೊಡನೆ ಪುಟ್, ಪೋಸ್ಟ್, ಡಿಲೀಟ್ ಮಾತ್ರವಲ್ಲದೆ, ಪುಸ್ತಕ ಭಂಡಾರದಿಂದ ಪುಸ್ತಕ ಒಯ್ಯುವಂತೆ ಕಡತವನ್ನು ಒಯ್ದು ತಿರುಗಿ ಒಪ್ಪಿಸುವ ಚೆಕ್‌ಔಟ್, ಚೆಕ್‌ಇನ್‌ಗಳೂ, ಕೊಂಡಿ ಹಾಕುವ, ಕಳಚುವ ಲಿಂಕ್, ಅನ್‌ಲಿಂಕ್‌ಗಳೂ ಅಲ್ಲಿವೆ. ಅವುಗಳಲ್ಲಿ ಬಹಳಷ್ಟು ಕಾಲಪ್ರವಾಹದಲ್ಲಿ ಕೊಚ್ಚಿಹೋದವು. ಉಳಿದವುಗಳಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದವು ಪುಟ್ ಮತ್ತು ಪೋಸ್ಟ್. ಎರಡೂ ಒಪ್ಪಿಸುವ ಕ್ರಿಯೆಗಳೇ ಆದರೂ ಇವುಗಳ ಭಾವ ಬೇರೆ ಬೇರೆ. ಪುಟ್ ಎಂದರೆ, ಇಂಥ ವಿಳಾಸದಲ್ಲಿ ಇಂಥದೇ ವಸ್ತು ಇರತಕ್ಕದ್ದು ಎಂದು ನಿರ್ಣಯಿಸಿ ಇಡುವುದು. ರಿಜಿಸ್ಟರಿನ ನಲವತ್ತನೆಯ ಪುಟವನ್ನು ತೆಗೆದು ಅದರ ಬದಲಿಗೆ ಹೊಸ ನಲವತ್ತನೆಯ ಪುಟವನ್ನು ಹೊಲಿದಂತೆ. ಪೋಸ್ಟ್ ಎಂದರೆ ಕಚೇರಿಯ ಟಪಾಲು ಕಿಟಕಿಯಲ್ಲಿ ಅರ್ಜಿಯನ್ನು ಕೊಟ್ಟಂತೆ: ಅದನ್ನು ಯಾವ ಕಡತಕ್ಕೆ ಸೇರಿಸಬೇಕು, ಯಾವ ಸಂಖ್ಯೆ ಕೊಡಬೇಕು, ಏನು ಕ್ರಮ ಕೈಗೊಳ್ಳಬೇಕು ಎಂಬುದೆಲ್ಲ ಒಳಗೆ ಕುಳಿತವರ ವಿವೇಚನೆಗೆ ಸೇರಿದ್ದು. ಪೋಸ್ಟ್ ಎಂಬ ಶಬ್ದ ಕೇಳಿದೊಡನೆ ನಮ್ಮ ಕಿವಿಗೆ ಅಂಚೆಯೇ ನೆನಪಾಗುವುದಾದರೂ, ಅದನ್ನು ಇಟ್ಟವರ ಮನಸ್ಸಿನಲ್ಲಿ ಇದ್ದುದು ಸೂಚನಾಫಲಕಕ್ಕೆ ಕಾಗದವನ್ನು ಅಂಟಿಸುವ ಚಿತ್ರ. 1996ರ ಮೇ ತಿಂಗಳಲ್ಲಿ ಹೊರಬಂದ ಎಚ್‌ಟಿಟಿಪಿ 1.0ರ ಪತ್ರವು ಈ ಕ್ರಿಯೆಯ ಉದ್ದೇಶಗಳನ್ನು ಎಣಿಸುವಾಗ, ಸೂಚನಾಫಲಕದ ಜೊತೆಗೆ, ತುಂಬಿದ ನಮೂನೆಯನ್ನು ಒಂದು ಸಂಸ್ಕರಣ ಕಾರ್ಯಕ್ಕೆ ಒಪ್ಪಿಸುವುದನ್ನೂ, ಇರುವ ದತ್ತಸಂಚಯದ ಕೊನೆಗೆ ಹೊಸದನ್ನು ಸೇರಿಸುವುದನ್ನೂ ಹೆಸರಿಸುತ್ತದೆ. ಇಂದು ನಾವು ಮಾಡುವ ಕೆಲಸವೆಲ್ಲ ಆ ಎರಡು ಮಾತುಗಳಲ್ಲಿ ಅಡಗಿದೆ.

ತುಂಬುವ ನಮೂನೆ ಬಂದದ್ದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಎಂಬ ಕೇಂದ್ರದಿಂದ. ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬೀನಾ ಇವರ ಮೊಸಾಯಿಕ್ ಬ್ರೌಸರು 1993ರಲ್ಲಿ ಚಿತ್ರಗಳನ್ನು ಬರಹದ ನಡುವೆಯೇ ತೋರಿಸಿ ಜನಪ್ರಿಯವಾಯಿತು. ಅದೇ ವರ್ಷದಲ್ಲಿ ಅದಕ್ಕೆ ಹೆಸರು ಬರೆಯುವ ಚೌಕಗಳೂ ಒಪ್ಪಿಸುವ ಗುಂಡಿಯೂ ಬಂದವು. ಒಪ್ಪಿಸಿದ್ದನ್ನು ತೆಗೆದುಕೊಳ್ಳಲು ಸರ್ವರಿನ ಒಳಗೆ ಒಬ್ಬರು ಬೇಕಲ್ಲವೇ? ಅದಕ್ಕಾಗಿ ಅದೇ ಕೇಂದ್ರದ ರಾಬ್ ಮೆಕೂಲ್ ಅವರ ಸರ್ವರಿನಲ್ಲಿ ಸಿಜಿಐ ಎಂಬ ಏರ್ಪಾಡಾಯಿತು. ಪ್ರತಿ ಓಲೆಗೂ ಸರ್ವರು ಒಂದು ಹೊಸ ಕಾರ್ಯಕ್ರಮವನ್ನು ಎಬ್ಬಿಸಿ ನಿಲ್ಲಿಸುವುದು. ಓಲೆಯಲ್ಲಿ ಎಷ್ಟು ಬೈಟುಗಳಿವೆ ಎಂಬುದನ್ನು ಅದರ ಕಿವಿಯಲ್ಲಿ ಹೇಳುವುದು. ಬಳಿಕ ಓಲೆಯನ್ನು ಅದರ ಬಾಯಿಗೆ ಸುರಿಯುವುದು. ಅದು ಓದಿ, ಕೆಲಸ ಮುಗಿಸಿ, ಉತ್ತರವನ್ನು ಬರೆದಿಟ್ಟು ಸಾಯುವುದು. ಒಂದೊಂದು ಓಲೆಗೆ ಒಂದೊಂದು ಜನ್ಮ! ಭಾರ ಹೆಚ್ಚಿದಾಗ ಇದು ನಿಧಾನವಾಗುತ್ತಿತ್ತೆಂಬುದು ನಿಜ. ಆದರೂ ಗಣಕವನ್ನು ಬಲ್ಲ ಯಾರೇ ಆಗಲಿ, ತಾವು ಬಲ್ಲ ಯಾವ ಭಾಷೆಯಲ್ಲೇ ಆಗಲಿ, ಸರ್ವರಿಗೆ ಬಂದುದನ್ನು ಸ್ವೀಕರಿಸುವ ಕಾರ್ಯಕ್ರಮ ಬರೆಯಬಹುದೆಂಬ ಸ್ವಾತಂತ್ರ್ಯವನ್ನು ಅದು ಕೊಟ್ಟಿತು. ಆ ಸರಳತೆಯ ಮೇಲೆ ನನಗೆ ಇಂದಿಗೂ ಗೌರವ. ಕಡತವನ್ನೇ ನಮೂನೆಯೊಡನೆ ಲಗತ್ತಿಸಿ ಕಳುಹಿಸುವ ವಿಧಾನವನ್ನು ಝೆರಾಕ್ಸ್ ಕಂಪನಿಯ ಅರ್ನೆಸ್ಟೋ ನೆಬೆಲ್, ಲ್ಯಾರಿ ಮಸಿಂಟರ್ ಇವರು 1995ರ ನವೆಂಬರಿನಲ್ಲಿ ಬರೆದರು. ಅಲ್ಲಿಗೆ ಎಫ್‌ಟಿಪಿಯ ರಾತ್ರಿಪಾಳಿಯ ಕೆಲಸವೂ ವೆಬ್ಬಿನ ಹೆಗಲಿಗೆ ಬರಲು ದಾರಿಯಾಯಿತು.

ಈಗ ರಸೀದಿಯ ಮಾತಿಗೆ ಬರುತ್ತೇನೆ. 1975ರಲ್ಲಿ ಅಕ್ಕೊಯುನ್ಲು, ಏಕನಾಧಂ, ಹ್ಯೂಬರ್ ಎಂಬ ಮೂವರು ವಿದ್ವಾಂಸರು ಪ್ರಕಟಿಸಿದ ಲೇಖನದಲ್ಲಿ ಒಂದು ಸಮಸ್ಯೆ ಬರುತ್ತದೆ. ಜಿಮ್ ಗ್ರೇ ಎಂಬ ಗಣಕ ವಿಜ್ಞಾನಿಯು 1978ರಲ್ಲಿ ಅದನ್ನು ಇಬ್ಬರು ಸೇನಾಪತಿಗಳ ಒಗಟು ಎಂದು ಕರೆದರು. ಶತ್ರುವು ಬೀಡುಬಿಟ್ಟಿರುವ ಕಣಿವೆಯ ಎರಡು ಬದಿಯ ಬೆಟ್ಟಗಳ ಮೇಲೆ ಇಬ್ಬರು ಸೇನಾಪತಿಗಳು ನಿಂತಿದ್ದಾರೆ. ಇಬ್ಬರೂ ಒಂದೇ ಗಳಿಗೆಗೆ ಮೇಲೆ ಬಿದ್ದರೆ ಜಯ, ಒಬ್ಬನೇ ಬಿದ್ದರೆ ನಾಶ. ಒಬ್ಬನು ದೂತನನ್ನು ಅಟ್ಟುವನು. ದೂತನು ಕಣಿವೆಯಲ್ಲಿ ಸೆರೆಯಾಗಬಹುದು, ಆದಕಾರಣ ಮುಟ್ಟಿತೆಂಬ ಉತ್ತರ ಬೇಕು. ಆ ಉತ್ತರವನ್ನು ತರುವ ದೂತನೂ ಸೆರೆಯಾಗಬಹುದು, ಆದಕಾರಣ ಉತ್ತರ ಮುಟ್ಟಿತೆಂಬ ಉತ್ತರವೂ ಬೇಕು. ಹೀಗೆ ಎಷ್ಟು ಸಲ ದೂತರು ಓಡಾಡಿದರೂ ಇಬ್ಬರಿಗೂ ಏಕಕಾಲಕ್ಕೆ ನಿಶ್ಚಯವೆಂಬುದು ಬಾರದು. ಇದು ಜಾಣತನದಿಂದ ಪರಿಹಾರವಾಗುವ ತೊಡಕಲ್ಲ. ಪರಿಹಾರವೇ ಇಲ್ಲವೆಂದು ಸಾಧಿಸಿ ತೋರಿಸಲ್ಪಟ್ಟದ್ದು. ಸರ್ವರಿಗೆ ದತ್ತಾಂಶವನ್ನು ಒಪ್ಪಿಸುವ ಪ್ರತಿಯೊಂದು ಕಾರ್ಯಕ್ರಮವೂ ಆ ಕಣಿವೆಯ ಅಂಚಿನಲ್ಲಿ ನಿಂತಿರುತ್ತದೆ. ಕೆಳಗಿನ ಸ್ತರದಲ್ಲಿ ಟಿಸಿಪಿ ಎಂಬ ಸಾಗಣೆಯ ನಿಯಮವು ಬೈಟು ಬೈಟಿಗೂ ಲೆಕ್ಕವಿಟ್ಟು ಕಳೆದುಹೋದುದನ್ನು ಮತ್ತೆ ಕಳುಹಿಸುತ್ತದೆಯಾದರೂ, ಆ ಲೆಕ್ಕವು ಬೈಟುಗಳು ಬಾಗಿಲಿಗೆ ಬಂದುದರ ಲೆಕ್ಕ. ಒಳಗಿನವರು ಅದನ್ನು ಪುಸ್ತಕಕ್ಕೆ ಏರಿಸಿದರೇ ಎಂಬುದಕ್ಕೆ ಎಚ್‌ಟಿಟಿಪಿಯ ಉತ್ತರವೊಂದೇ ಸಾಕ್ಷಿ. ಆ ಉತ್ತರ ಬರುವ ಮೊದಲೇ ತಂತಿ ಕಡಿದರೆ ಕಳುಹಿಸಿದವನಿಗೆ ಏನು ತಿಳಿದಂತಾಯಿತು? ಓಲೆ ಹೋಗುವಾಗ ಕಳೆಯಿತೋ ರಸೀದಿ ಬರುವಾಗ ಕಳೆಯಿತೋ ಎಂಬುದನ್ನು ಅವನು ಅರಿಯನು. ಮತ್ತೆ ಕಳುಹಿಸದಿದ್ದರೆ ಒಂದು ದಾಖಲೆ ಇಲ್ಲವಾಗಬಹುದು; ಮತ್ತೆ ಕಳುಹಿಸಿದರೆ ಒಂದೇ ದಾಖಲೆ ಎರಡಾಗಬಹುದು.

ಈ ಸಂಕಟಕ್ಕೆ ವೆಬ್ಬಿನ ಶಿಲ್ಪಿಗಳು ಕಂಡುಕೊಂಡ ಉಪಾಯವು ಗಣಿತದಿಂದ ಬಂದದ್ದು. 1870ರಲ್ಲಿ ಬೆಂಜಮಿನ್ ಪರ್ಸ್ ಎಂಬ ಅಮೆರಿಕದ ಗಣಿತಜ್ಞರು, ತನ್ನಿಂದಲೇ ತನ್ನನ್ನು ಗುಣಿಸಿದರೂ ತಾನಾಗಿಯೇ ಉಳಿಯುವ ರಾಶಿಗೆ ಲ್ಯಾಟಿನ್ ಧಾತುಗಳಿಂದ ಐಡೆಂಪೊಟೆಂಟ್ ಎಂಬ ಹೆಸರನ್ನು ಕಟ್ಟಿದ್ದರು. 1997ರ ಜನವರಿಯಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1ರ ಪತ್ರವು ಆ ಶಬ್ದವನ್ನು ಎತ್ತಿಕೊಂಡು, ಒಮ್ಮೆ ಮಾಡಿದರೂ ನೂರು ಬಾರಿ ಮಾಡಿದರೂ ಸರ್ವರಿನ ಮೇಲಣ ಪರಿಣಾಮ ಒಂದೇ ಆಗಿರುವ ಕ್ರಿಯೆಗಳನ್ನು ಬೇರೆಯಾಗಿ ವಿಂಗಡಿಸಿತು. ಪುಟ್ ಅಂಥದು: ನಲವತ್ತನೆಯ ಪುಟ ಹೀಗಿರಲಿ ಎಂದು ಹತ್ತು ಸಲ ಹೇಳಿದರೂ ನಲವತ್ತನೆಯ ಪುಟ ಒಂದೇ. ಡಿಲೀಟ್ ಕೂಡ ಅಂಥದೇ. ಪೋಸ್ಟ್ ಮಾತ್ರ ಅಂಥದಲ್ಲ. ಕಿಟಕಿಯಲ್ಲಿ ಹತ್ತು ಸಲ ಕೊಟ್ಟ ಅರ್ಜಿಗೆ ಹತ್ತು ಸಂಖ್ಯೆಗಳು ಬೀಳುತ್ತವೆ. ಆದುದರಿಂದ ಸಂದೇಹ ಬಂದಾಗ ಪುಟ್ ಅನ್ನು ಧೈರ್ಯವಾಗಿ ಮತ್ತೆ ಕಳುಹಿಸಬಹುದು, ಪೋಸ್ಟನ್ನು ಕಳುಹಿಸುವಾಗ ಕೈ ನಡುಗಬೇಕು. ಹಣದ ವ್ಯವಹಾರ ನಡೆಸುವ ಸಂಸ್ಥೆಗಳು ಮುಂದೆ ಇದಕ್ಕೂ ಒಂದು ದಾರಿ ಹುಡುಕಿದವು: ಕಳುಹಿಸುವವನು ಪ್ರತಿ ಓಲೆಯ ತಲೆಬರಹದಲ್ಲಿ ತಾನೇ ಒಂದು ಅನನ್ಯವಾದ ಗುರುತನ್ನು ಬರೆಯುವುದು, ಸರ್ವರು ಆ ಗುರುತನ್ನು ನೆನಪಿನಲ್ಲಿಟ್ಟುಕೊಂಡು, ಅದೇ ಗುರುತಿನ ಓಲೆ ಮತ್ತೆ ಬಂದರೆ ಕೆಲಸವನ್ನು ಮತ್ತೆ ಮಾಡದೆ ಹಿಂದೆ ಕೊಟ್ಟ ರಸೀದಿಯನ್ನೇ ಪುನಃ ಕೊಡುವುದು. ಸೇನಾಪತಿಗಳ ಒಗಟು ಬಿಡಿಸಲ್ಪಡಲಿಲ್ಲ. ಆದರೆ ದೂತನನ್ನು ಎಷ್ಟು ಸಲ ಬೇಕಾದರೂ ಅಟ್ಟಬಹುದಾದಂಥ ವ್ಯವಸ್ಥೆಯಾಯಿತು.

ಓಲೆಯು ಒಮ್ಮೆಯೇ ಮುಟ್ಟಬೇಕೆಂಬುದು ಒಂದು ಚಿಂತೆಯಾದರೆ, ಪೂರ್ಣವಾಗಿ ಮುಟ್ಟಬೇಕೆಂಬುದು ಇನ್ನೊಂದು. ಇಲ್ಲಿ ಕನ್ನಡಿಗರಾದ ನಮಗೆ ವಿಶೇಷವಾದ ಅನುಭವಗಳುಂಟು. ಆಂಗ್ಲ ಅಕ್ಷರವೊಂದು ಒಂದು ಬೈಟಿನಲ್ಲಿ ಕೂರುತ್ತದೆ. ಕನ್ನಡಕ್ಕೆ, ಲೋಕದ ಲಿಪಿಗಳಿಗೆಲ್ಲ ಸಂಕೇತಗಳನ್ನು ಗೊತ್ತುಮಾಡುವ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆಯಿತು. 1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್ ಎಂಬ ಗಣಕ ವಿಜ್ಞಾನಿಯು ನ್ಯೂಜೆರ್ಸಿಯ ಒಂದು ಊಟದ ಮನೆಯಲ್ಲಿ, ಜೊತೆಗಾರ ರಾಬ್ ಪೈಕ್ ಎದುರಿಗೆ ಕುಳಿತಿರಲಾಗಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ರೂಪಿಸಿದ ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ನಮ್ಮ ಒಂದೊಂದು ಅಕ್ಷರಸಂಕೇತಕ್ಕೂ ಮೂರು ಮೂರು ಬೈಟುಗಳು ಬೇಕು. ‘ಕ’ ಎಂಬ ಅಕ್ಷರವು ತಂತಿಯ ಮೇಲೆ ಇ0, ಬಿ2, 95 ಎಂಬ ಮೂರು ಬೈಟುಗಳಾಗಿ ಹೋಗುತ್ತದೆ. ವಿಳಾಸದಲ್ಲಿಯೋ ಹಳೆಯ ಬಗೆಯ ನಮೂನೆಯಲ್ಲಿಯೋ ಹೋಗಬೇಕಾದರೆ ಒಂದೊಂದರ ಹಿಂದೆಯೂ ಶೇಕಡಾ ಚಿಹ್ನೆ ಸೇರಿ %ಇ0%ಬಿ2%95 ಎಂದು ಒಂಬತ್ತು ಚಿಹ್ನೆಗಳಾಗುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರದ ಹಲಂತಚಿಹ್ನೆಯೂ ಸೇರಿ ಐದು ಸಂಕೇತಗಳು. ಅದು 15 ಬೈಟುಗಳಾಗಿ, ನಮೂನೆಯಲ್ಲಿ 45 ಚಿಹ್ನೆಗಳಾಗಿ, ಅಷ್ಟುದ್ದ ಬಾಲ ಬೆಳೆಸಿಕೊಂಡು ಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ಒಂದು ಕಚೇರಿಗಾಗಿ, ಹಳ್ಳಿಗಳ ಹೆಸರೂ ವ್ಯಕ್ತಿಗಳ ಹೆಸರೂ ತುಂಬಿದ ಪಟ್ಟಿಯೊಂದನ್ನು ಇನ್ನೊಂದು ಕಚೇರಿಯ ಸರ್ವರಿಗೆ ಸಾಲುಸಾಲಾಗಿ ಪೋಸ್ಟ್ ಮಾಡುವ ಕಾರ್ಯಕ್ರಮವನ್ನು ನೋಡಿಕೊಳ್ಳುತ್ತಿದ್ದೆ. ಪರೀಕ್ಷೆಯ ದಿನಗಳಲ್ಲಿ ಆಂಗ್ಲ ಅಕ್ಷರಗಳ ಸಾಲುಗಳನ್ನು ಕಳುಹಿಸಿದೆವು. ಎಲ್ಲಕ್ಕೂ ಕೆಲಸವಾಯಿತೆಂದು ಸಾರುವ 200 ಎಂಬ ಉತ್ತರ ಬಂತು. ನಿಜವಾದ ಪಟ್ಟಿಯನ್ನು ಹಚ್ಚಿದ ದಿನ, ಕನ್ನಡದ ಮೊದಲ ಸಾಲಿಗೇ ಓಲೆ ಕೆಟ್ಟಿದೆಯೆಂದು ಸಾರುವ 400 ಬಂತು. ಅದರ ಹಿಂದೆ ಹೋದ, ಯಾವ ಪಾಪವನ್ನೂ ಅರಿಯದ ಆಂಗ್ಲ ಸಾಲಿಗೂ 400 ಬಂತು. ಎರಡು ದಿನ ಆಚೆಯವರನ್ನು ದೂರಿದೆವು, ಜಾಲವನ್ನು ದೂರಿದೆವು. ಮೂರನೆಯ ದಿನ ಸಂಜೆ, ಎಲ್ಲರೂ ಮನೆಗೆ ಹೋದ ಮೇಲೆ, ನನ್ನ ಜೊತೆಗಾರರೊಬ್ಬರು ಓಲೆಯ ಬೈಟುಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಪೆನ್ಸಿಲಿನ ಮೊನೆಯಿಂದ ಒಂದೊಂದಾಗಿ ಎಣಿಸತೊಡಗಿದರು. ಓಲೆಯ ತಲೆಬರಹದಲ್ಲಿ ಅದರ ಉದ್ದವನ್ನು ಬೈಟುಗಳಲ್ಲಿ ಹೇಳಬೇಕು. ನಮ್ಮ ಕಾರ್ಯಕ್ರಮ ಅಕ್ಷರಗಳನ್ನು ಎಣಿಸಿ ಹೇಳಿತ್ತು. ಹದಿನೈದು ಬೈಟಿನ ಪದಕ್ಕೆ ಐದೆಂದು ಹೇಳಿದರೆ, ಸರ್ವರು ನಮ್ಮ ಮಾತನ್ನು ನಂಬಿ ಐದನ್ನೇ ಓದುವುದು. ‘ಕ’ ಪೂರ್ತಿಯಾಗಿ, ಮುಂದಿನ ‘ನ’ ಮೂರರಲ್ಲಿ ಎರಡು ಪಾಲಾಗಿ ಅದರ ಕೈಗೆ ಬರುವುದು. ಉಳಿದ ಬೈಟುಗಳು ಎಲ್ಲಿಗೆ ಹೋದಾವು? ಅದೇ ಸಂಪರ್ಕದಲ್ಲಿ ಕಾದು ನಿಂತು, ಮುಂದಿನ ಓಲೆಯ ಮೊದಲ ಸಾಲೆಂದು ಭ್ರಮೆ ಹುಟ್ಟಿಸಿ, ಅದನ್ನೂ ಕೆಡಿಸುತ್ತಿದ್ದವು. ತಿದ್ದಿದ್ದು ಒಂದೇ ಒಂದು ಪದವನ್ನು. ಆ ರಾತ್ರಿ ಕನ್ನಡದ ಊರುಗಳ ಹೆಸರುಗಳು ಒಂದೊಂದಾಗಿ 200 ಎಂಬ ಉತ್ತರವನ್ನು ಪಡೆಯುತ್ತ ಸಾಗಿದ್ದನ್ನು ಕಂಡು ನನಗಾದ ಸಂತೋಷವನ್ನು ನಾನು ಮರೆತಿಲ್ಲ.

ಇದಕ್ಕೂ ಮುಂಚಿನ ತೊಡಕು ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದ್ದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಿಂದ ನಮ್ಮ ಕಚೇರಿಗಳಿಗೆ ಆದ ಉಪಕಾರ ದೊಡ್ಡದು. ಆದರೆ ಯೂನಿಕೋಡ್ ಪೂರ್ವದ ಆ ಬರಹವು ಆಂಗ್ಲ ಸಂಕೇತಗಳಿಗೆ ಕನ್ನಡದ ಅಂಗಿಯನ್ನು ತೊಡಿಸಿದಂಥದು. ಆ ಅಕ್ಷರಶೈಲಿ ಇಲ್ಲದ ಯಂತ್ರಕ್ಕೆ ಹೋದೊಡನೆ ಅಂಗಿ ಕಳಚಿ, ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ಅಂಥ ದಾಖಲೆಗಳನ್ನು ಸರ್ವರಿಗೆ ಒಪ್ಪಿಸುವ ಮುನ್ನ ಯೂನಿಕೋಡಿಗೆ ಪರಿವರ್ತಿಸುವುದು ಇಂದಿಗೂ ನಮ್ಮ ನಾಡಿನ ದತ್ತಾಂಶ ಸಂಯೋಜನೆಯಲ್ಲಿ ಬಿಡಲಾಗದ ಒಂದು ಘಟ್ಟ.

ಓಲೆಯ ಒಳಗಣ ನಮೂನೆಯ ಬಗೆಗೂ ವಾದವಿವಾದಗಳು ನಡೆದವು. 1998ರಲ್ಲಿ ಎಕ್ಸ್‌ಎಂಎಲ್ ಎಂಬ ನಮೂನೆ ಬಂದಿತು; ಅದನ್ನು ಹೊತ್ತ ಸೋಪ್ ಎಂಬ ಪದ್ಧತಿಯು ಪ್ರತಿಯೊಂದು ಮಾತನ್ನೂ ಲಕೋಟೆಯೊಳಗಿಟ್ಟು, ಲಕೋಟೆಗೆ ತಲೆಯನ್ನೂ ಒಡಲನ್ನೂ ಕಲ್ಪಿಸಿ, ಪೋಸ್ಟ್ ಕಿಟಕಿಯೊಂದರಿಂದಲೇ ಎಲ್ಲವನ್ನೂ ನಡೆಸಿತು. 2000ದಲ್ಲಿ ರಾಯ್ ಫೀಲ್ಡಿಂಗ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಗೆ ಒಪ್ಪಿಸಿದ ತಮ್ಮ ಪ್ರಬಂಧದಲ್ಲಿ, ವೆಬ್ಬಿಗೆ ತನ್ನದೇ ಆದ ಕ್ರಿಯಾಪದಗಳಿರುವಾಗ ಅವುಗಳ ಅರ್ಥಕ್ಕೆ ತಕ್ಕಂತೆ ನಡೆಯಬೇಕೆಂಬ ದೃಷ್ಟಿಯನ್ನು ರೆಸ್ಟ್ ಎಂಬ ಹೆಸರಿನಲ್ಲಿ ಪ್ರತಿಪಾದಿಸಿದರು. ಡಗ್ಲಸ್ ಕ್ರಾಕ್‌ಫರ್ಡ್ ಪ್ರಚಾರಕ್ಕೆ ತಂದ ಜೇಸನ್ ಎಂಬ ಹಗುರವಾದ ನಮೂನೆ ಇದಕ್ಕೆ ಜೊತೆಯಾಯಿತು. ಈ ಪರಂಪರೆ ಗೆದ್ದುದು ಸರಿಯೆಂದೇ ನನ್ನ ಅಭಿಪ್ರಾಯ; ಏಕೆಂದರೆ ಪುಟ್ ಎಂದಾಗ ಪುಟ್ ಎಂಬುದನ್ನೇ ಅರ್ಥಮಾಡಿಕೊಳ್ಳುವ ಸರ್ವರಿನ ಬಳಿಗೆ ಮಾತ್ರ ಸಂದೇಹದ ಹೊತ್ತಿನಲ್ಲಿ ಎರಡನೆಯ ದೂತನನ್ನು ಅಟ್ಟಲು ನಮಗೆ ಧೈರ್ಯ ಬರುತ್ತದೆ.

ಇವೆಲ್ಲವೂ ಬರಬರುತ್ತ ಕಾರ್ಯಕ್ರಮ ಬರೆಯಲು ಬಾರದವರ ಕೈಗೂ ಎಟುಕಿದವು. ಬೆಲ್ಜಿಯಂ ದೇಶದ ಮ್ಯಾಟ್ ಕಾಸ್ಟರ್ಸ್ ಅವರು 2005ರ ಕೊನೆಗೆ ಎಲ್ಲರ ಬಳಕೆಗೆ ಬಿಟ್ಟುಕೊಟ್ಟ ಸಂಯೋಜನೆಯ ಸಾಧನಕ್ಕೆ ಕೆಟಲ್ ಎಂದು ಹೆಸರು; ಕೆಟಲ್ ಎಂದರೆ ನೀರು ಕಾಯಿಸುವ ಪಾತ್ರೆ. ಅದರ ಅಂಗಗಳಿಗೂ ಅಡುಗೆಮನೆಯ ಹೆಸರುಗಳೇ: ಚಿತ್ರ ಬರೆಯುವ ಫಲಕ ಸ್ಪೂನ್, ಪರಿವರ್ತನೆಗಳನ್ನು ನಡೆಸುವುದು ಪ್ಯಾನ್, ಕೆಲಸಗಳ ಸರಣಿಯನ್ನು ನಡೆಸುವುದು ಕಿಚನ್. ಸ್ಪೂನಿನ ಬಿಳಿಯ ಹಲಗೆಯ ಮೇಲೆ ಚೌಕಗಳನ್ನು ಇಟ್ಟು ಬಾಣಗಳಿಂದ ಜೋಡಿಸುತ್ತ ಹೋಗುವುದು. ಎಡದ ಚೌಕ ದತ್ತಸಂಚಯದಿಂದ ಸಾಲುಗಳನ್ನು ಸೇದುತ್ತದೆ, ನಡುವಿನವು ಹಸನುಮಾಡುತ್ತವೆ, ಬಲದಲ್ಲಿ ಎಚ್‌ಟಿಟಿಪಿ ಪೋಸ್ಟ್ ಎಂಬ ಚೌಕ ಸಾಲುಸಾಲನ್ನೂ ಸರ್ವರಿಗೆ ಒಪ್ಪಿಸುತ್ತದೆ. ಈ ಚೌಕದ ಒಂದು ಗುಣವನ್ನು ಕಂಡಾಗ ಹಳೆಯ ಕಾಲದ ಲೆಕ್ಕದ ಪುಸ್ತಕಗಳು ನನಗೆ ಕಣ್ಣಿಗೆ ಕಟ್ಟಿದವು. ಸರ್ವರಿನಿಂದ ಬಂದ ಉತ್ತರವನ್ನೂ, 200 ಎಂದೋ 400 ಎಂದೋ 503 ಎಂದೋ ಬಂದ ಅದರ ಸಂಖ್ಯೆಯನ್ನೂ, ಉತ್ತರಕ್ಕೆ ಹಿಡಿದ ಕಾಲವನ್ನೂ ಆ ಚೌಕವು ಅದೇ ಸಾಲಿನ ಬಲಭಾಗಕ್ಕೆ ಹೊಸ ಅಂಕಣಗಳಾಗಿ ಸೇರಿಸಿ ಮುಂದಕ್ಕೆ ಕಳುಹಿಸುತ್ತದೆ. ಎಫ್‌ಟಿಪಿಯ ಕಾಲದಲ್ಲಿ ಇಡೀ ರಾತ್ರಿಯ ಕಡತಕ್ಕೆ ಒಂದು ರಸೀದಿ ಸಿಕ್ಕುತ್ತಿದ್ದರೆ, ಇಲ್ಲಿ ಒಂದೊಂದು ಸಾಲಿನ ಪಕ್ಕದಲ್ಲಿಯೂ ಅದರದೇ ರಸೀದಿ ಅಂಟಿಕೊಂಡಿರುತ್ತದೆ. ರುಜುವಿಗೆಂದು ಬಿಟ್ಟ ಮನೆಯಲ್ಲಿ ರುಜು ಬಿದ್ದಂತೆ. ಸರ್ವರು ದಣಿದಿದೆಯೆಂಬ 503 ಬಂದ ಸಾಲುಗಳನ್ನಷ್ಟೇ ಜರಡಿ ಹಿಡಿದು, ಸ್ವಲ್ಪ ಹೊತ್ತು ತಾಳಿ, ಅವುಗಳನ್ನು ಮಾತ್ರ ಮತ್ತೆ ಒಪ್ಪಿಸಬಹುದು.

ರಸೀದಿಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 202. 200 ಎಂದರೆ ಕೆಲಸವಾಯಿತು. 201 ಎಂದರೆ ಹೊಸ ದಾಖಲೆ ಹುಟ್ಟಿತು, ಅದರ ವಿಳಾಸ ಇದು. 202 ಎಂದರೆ ನಿನ್ನ ಓಲೆಯನ್ನು ಸ್ವೀಕರಿಸಿದೆ, ತೀರ್ಮಾನ ಇನ್ನೂ ಆಗಿಲ್ಲ. ಈ ಉತ್ತರವು ಉದ್ದೇಶಪೂರ್ವಕವಾಗಿಯೇ ಯಾವ ಭರವಸೆಯನ್ನೂ ಕೊಡುವುದಿಲ್ಲವೆಂದು 1996ರ ಪತ್ರವೇ ಹೇಳಿಬಿಟ್ಟಿದೆ. ಕ್ರಯದ ಸಂಗತಿಯು ತಹಶೀಲ್ದಾರರ ಕಡೆಗೆ ಮುಟ್ಟಿದ ಕೂಡಲೇ ಪಹಣಿ ತಿದ್ದಲ್ಪಡುವುದಿಲ್ಲ. ನೋಟೀಸು ಹೊರಡಬೇಕು, ಬಾಧ್ಯರು ಯಾರಾದರೂ ಆಕ್ಷೇಪಿಸುವುದಿದ್ದರೆ ಅವರಿಗೆ ಕಾಲಾವಕಾಶವಿರಬೇಕು, ಆ ಬಳಿಕ ಆದೇಶವಾಗಬೇಕು. ಅಷ್ಟು ದಿನವೂ ಆ ರೈತನ ಕೈಯಲ್ಲಿರುವುದು ಅಂಥದೇ ಒಂದು ಉತ್ತರ. ವೆಬ್ಬಿನಲ್ಲಿ 202ರೊಡನೆ ಸಾಮಾನ್ಯವಾಗಿ ಒಂದು ವಿಳಾಸವನ್ನೂ ಕೊಡುತ್ತಾರೆ. ಕಳುಹಿಸಿದ ಕಾರ್ಯಕ್ರಮವು ಆ ವಿಳಾಸಕ್ಕೆ ಹೋಗಿ, ಬರ್ನರ್ಸ್-ಲೀಯವರು ಮೊದಲು ಮಾಡಿದ ಆ ಒಂದೇ ಕ್ರಿಯಾಪದದಲ್ಲಿ, ಆಯಿತೇ ಎಂದು ಕೇಳುತ್ತದೆ. ಆಗಿಲ್ಲವೆಂದರೆ ಅರ್ಧ ನಿಮಿಷ ಕಾದು ಮತ್ತೆ ಕೇಳುತ್ತದೆ. ಮೂರನೆಯ ಸಲಕ್ಕೆ ಒಂದು ನಿಮಿಷ, ನಾಲ್ಕನೆಯ ಸಲಕ್ಕೆ ಎರಡು ನಿಮಿಷ ಕಾಯುತ್ತದೆ.